ಎರಡು ಬೀಗದ ಹುಂಡಿ



ಹನೂರು, ಕೊಳ್ಳೇಗಾಲ ಕಡೆಯ ಬೇರೆ ಬೇರೆ ಧರ್ಮಕೇಂದ್ರಗಳಿಂದ ಬಂದು ವೇದಸಂದೂರಿನ ನೂಲಿನ ಮಿಲ್ಲುಗಳಲ್ಲಿ ಕೆಲಸ ಮಾಡುವ ಹದಿನಾಲ್ಕು ಜನ ನಾವು. ಕೆಲವರ ಮನೆಮಾತು ತಮಿಳು, ಓದಿದ್ದು ಮಾತ್ರ ಎಲ್ಲರೂ ಕನ್ನಡ ಶಾಲೆಯಲ್ಲಿ. ಹಾಗಾಗಿ ಭಾನುವಾರ ತಮಿಳು ಬಲಿಪೂಜೆ ಮುಗಿಸಿ ಬಂದು, ರೂಮಿನಲ್ಲಿ ಕುಳಿತು ಕನ್ನಡದಲ್ಲಿ ವಾಚನಗಳನ್ನು ಮತ್ತೊಮ್ಮೆ ಓದಿಕೊಳ್ಳುತ್ತೇವೆ. (ಈ ಸೀಮೆಗೆ ಕನ್ನಡ ಹೊಸದೇನಲ್ಲ. ದಿಂಡಿಗಲ್ ಸುತ್ತಿನ ಅನುಪ್ಪ ಗೌಂಡರ್ ಮನೆಗಳಲ್ಲಿ, ಕಂಬಂ ಕಣಿವೆಯ ಕಾಪಿಲಿಯರ ಮನೆಗಳಲ್ಲಿ ತಲೆಮಾರುಗಳಿಂದ ಒಂದು ಬಗೆಯ ಕನ್ನಡ ಉಳಿದುಕೊಂಡಿದೆ. ಮಿಲ್ಲಿನ ಗೇಟಿನ ಹತ್ತಿರ ಸೊಪ್ಪು ಮಾರುವ ಅಜ್ಜಿಯ ಮಾತು ನಮಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ.)

ಈ ಸಲ ಬರೆಯಬೇಕೆಂದಿರುವ ವಿಷಯ ಸ್ವಲ್ಪ ಕಷ್ಟದ್ದು. ಧರ್ಮಸಭೆಯ ಹಣ, ಅದನ್ನು ನೋಡಿಕೊಳ್ಳುವವರು, ಅವರಿಗೆ ಬರುವ ಶೋಧನೆ. ಇದನ್ನು ಬರೆದರೆ ಗುರುಗಳ ವಿರುದ್ಧ ಬರೆದಂತಾಗುತ್ತದೆ, ಬೇಡ ಎಂದು ನಮ್ಮಲ್ಲೇ ಇಬ್ಬರು ಹೇಳಿದರು. ನಮಗೆ ಜ್ಞಾನಸ್ನಾನ ಕೊಟ್ಟವರು, ಜ್ವರ ಬಂದಾಗ ರಾತ್ರಿ ಜೀಪು ಕಳಿಸಿ ಆಸ್ಪತ್ರೆ ಸೇರಿಸಿದವರು ಗುರುಗಳೇ. ಅದನ್ನು ಮರೆತು ಯಾರೂ ಇಲ್ಲಿ ಮಾತಾಡುತ್ತಿಲ್ಲ.

ಮಾತು ಶುರುವಾದದ್ದು ಒಂದು ಗವಿಯಿಂದ. ನಮ್ಮಲ್ಲೊಬ್ಬನ ಊರಿನಲ್ಲಿ ಲೂರ್ದು ಮಾತೆಯ ಗವಿ ಕಟ್ಟಿಸುತ್ತೇವೆಂದು ಮನೆಗೆ 2,000 ರೂಪಾಯಿಯಂತೆ ಎತ್ತಿದರು. ಹೊರಗೆ ದುಡಿಯುವ ಹುಡುಗರು ಅದಕ್ಕಿಂತ ಹೆಚ್ಚೇ ಕಳಿಸಿದರು. ಮೂರು ವರ್ಷವಾಯಿತು, ಗವಿಯ ಜಾಗದಲ್ಲಿ ಕಲ್ಲಿನ ರಾಶಿ ಮಾತ್ರ ಇದೆ. ಹಣವನ್ನು ಯಾರೋ ತಿಂದರು ಎಂದು ನಾವು ಹೇಳುವುದಿಲ್ಲ, ಹಾಗೆ ಹೇಳಲು ನಮ್ಮ ಹತ್ತಿರ ಏನೂ ಇಲ್ಲ. ಹಾಲ್‌ನ ರಿಪೇರಿಗೆ ಹೋಗಿರಬಹುದು, ಕರೆಂಟ್ ಬಿಲ್ಲಿಗೆ ಹೋಗಿರಬಹುದು. ನಮಗೆ ನೋವಾದದ್ದು ಬೇರೆ ಮಾತಿಗೆ. ಕ್ರಿಸ್ಮಸ್ ರಜೆಗೆ ಹೋದಾಗ ಅವನು ಸಮಿತಿಯ ಹಿರಿಯರೊಬ್ಬರನ್ನು ವಿನಯದಿಂದಲೇ ಕೇಳಿದ, “ದೊಡ್ಡಪ್ಪ, ಗವಿಯ ಲೆಕ್ಕ ಏನಾಯಿತು?” ಅವರು ಹೇಳಿದರಂತೆ, “ದೇವರಿಗೆ ಕೊಟ್ಟದ್ದಕ್ಕೆ ಲೆಕ್ಕ ಕೇಳ್ತಾರೇನಪ್ಪಾ? ಕೊಟ್ಟ ಪುಣ್ಯ ಹೋಗುತ್ತೆ.”

ಅಂದಿನಿಂದ ಅವನು ಕಾಣಿಕೆ ತಟ್ಟೆಗೆ ಏನೂ ಹಾಕುವುದಿಲ್ಲ. ಇನ್ನೊಬ್ಬ ಗೆಳತಿ ಭಾನುವಾರ ಬೇರೆ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದಳು. ಅಲ್ಲಿ ದಶಮಾಂಶ ಕೇಳುತ್ತಾರೆ, ಅಲ್ಲೂ ಲೆಕ್ಕ ಕೊಡುವುದಿಲ್ಲ. ಅದು ಬೇರೆ ಕಥೆ.

ಆ ಹಿರಿಯರ ಮಾತು ಸರಿಯೇ ಎಂದು ನೋಡಲು ಬೈಬಲ್ ತೆರೆದೆವು. ಅಲ್ಲಿರುವುದು ತದ್ವಿರುದ್ಧ. ಇಸ್ರಯೇಲರಿಗೆ ಅರಸ ಬಂದ ಮೇಲೆ ವೃದ್ಧ ಸಮುವೇಲ ಜನರ ಮುಂದೆ ನಿಂತು ತಾನಾಗಿಯೇ ಲೆಕ್ಕ ಒಪ್ಪಿಸುತ್ತಾನೆ. ಯಾರ ಎತ್ತನ್ನು ಕಿತ್ತುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರಿಂದ ಲಂಚ ಪಡೆದೆ ಹೇಳಿ, ಹಿಂದಿರುಗಿಸುತ್ತೇನೆ ಎಂದು ಕೇಳುತ್ತಾನೆ. ಯಾರೂ ಒಂದು ತಪ್ಪನ್ನೂ ತೋರಿಸಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ನಾಲ್ಕು ಅಧ್ಯಾಯ ಹಿಂದಕ್ಕೆ ಹೋದರೆ, ಇದೇ ಸಮುವೇಲನ ಮಕ್ಕಳಾದ ಯೋವೇಲ ಮತ್ತು ಅಬೀಯ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತಿಂದ ಕಥೆ ಇದೆ. ತಂದೆ ಅಷ್ಟು ಶುದ್ಧ, ಅವನು ನೇಮಿಸಿದ ಮಕ್ಕಳು ಹೀಗೆ. ಒಳ್ಳೆಯ ಫಾದರ್ ಇದ್ದಾರೆ, ಇನ್ನು ಸಮಿತಿ, ಲೆಕ್ಕ ಎಲ್ಲ ಯಾಕೆ ಎನ್ನುವವರು ಈ ಎರಡು ಅಧ್ಯಾಯಗಳನ್ನು ಜೊತೆಯಾಗಿ ಓದಬೇಕು.

ನಮ್ಮನ್ನು ಹೆಚ್ಚು ಕಾಡಿದ್ದು ಗೇಹಜಿ. ಕುಷ್ಠ ವಾಸಿಯಾದ ನಾಮಾನ ಕೊಡಬಂದ ಕಾಣಿಕೆಯನ್ನು ಪ್ರವಾದಿ ಎಲೀಷ ಮುಟ್ಟಲಿಲ್ಲ. ಸೇವಕ ಗೇಹಜಿ ರಥದ ಹಿಂದೆ ಓಡಿದ. ಅಲ್ಲಿ ಅವನು ನನಗೆ ಕೊಡಿ ಎನ್ನಲಿಲ್ಲ. ಪ್ರವಾದಿಮಂಡಲಿಯ ಇಬ್ಬರು ಯುವಕರು ಬಂದಿದ್ದಾರೆ, ಅವರಿಗಾಗಿ ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಬೇಕಂತೆ ಎಂದ. ನಾಮಾನ ಒತ್ತಾಯ ಮಾಡಿ ಎರಡು ತಲಾಂತು ಕೊಟ್ಟು ಕಳಿಸಿದ. ಬೆಥಾನಿಯದಲ್ಲಿ ಯೂದನೂ ಹಾಗೆಯೇ. 300 ದಿನಾರಿಯ ಸುಗಂಧತೈಲ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದವನು ಅವನೇ, ಹಣದ ಚೀಲವೂ ಅವನ ಕೈಯಲ್ಲೇ ಇತ್ತು. ಇಬ್ಬರೂ ಸ್ವಂತಕ್ಕೆಂದು ಬಾಯಿಬಿಟ್ಟು ಕೇಳಲಿಲ್ಲ. ಬಡವರ ಹೆಸರು, ಯುವಕರ ಹೆಸರು, ದೇವರ ಹೆಸರು ಮುಂದಿಟ್ಟರು. ದೇವಾಲಯದ ಹಣದಲ್ಲಿ ಬರುವ ಶೋಧನೆ ಬ್ಯಾಂಕಿನ ಹಣದಲ್ಲಿ ಬರುವ ಶೋಧನೆಯಂತಲ್ಲ. ಇಲ್ಲಿ ಅದು ಒಳ್ಳೆಯ ಕೆಲಸದ ಬಟ್ಟೆ ತೊಟ್ಟು ಬರುತ್ತದೆ, ಕೇಳುವವನಿಗೇ ತಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸುವುದಿಲ್ಲ.

ಸಂತ ಪೌಲರು ಇದನ್ನು ಬಲ್ಲವರು. ಜೆರುಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಅವರು ಒಬ್ಬರೇ ಹೊತ್ತುಕೊಂಡು ಹೋಗಲು ಒಪ್ಪಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದರು. ಕಾರಣವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಕೊಟ್ಟಿದ್ದಾರೆ: ದೇವರ ಎದುರು ಸರಿಯಾಗಿದ್ದರೆ ಸಾಲದು, ಮನುಷ್ಯರ ಎದುರೂ ಸರಿಯಾಗಿ ಕಾಣಬೇಕು. ಪೌಲರಂಥವರೇ ಹೀಗೆ ಮಾಡಿದ ಮೇಲೆ ನಮ್ಮ ಹಬ್ಬದ ಸಮಿತಿಗೆ ಇದು ಅವಮಾನ ಹೇಗಾದೀತು?

ಬೈಬಲ್ ಬಿಡಿ, ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಇದೆ. 1983ರ ಈ ಸಂಹಿತೆಯ ವಿಷಯ ನಮಗೆ ತಿಳಿಸಿದವರು ಇಲ್ಲಿನ ಚಿಕ್ಕ ಗುರುಗಳು. ಪೂಜೆಯ ನಂತರ ಅರ್ಧ ಗಂಟೆ ಕೂರಿಸಿಕೊಂಡು ವಿವರಿಸಿದರು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು (ನಿಯಮ 537). ಭಕ್ತರು ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಅದೇ ಉದ್ದೇಶಕ್ಕೆ ಬಳಸಬೇಕು (1267), ಅಂದರೆ ಗವಿಯ ಹಣ ಗವಿಗೇ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು (1287). ಸಣ್ಣಪುಟ್ಟದ್ದನ್ನು ಬಿಟ್ಟರೆ, ದೇವಾಲಯದ ಆಸ್ತಿಯನ್ನು ಅದನ್ನು ನೋಡಿಕೊಳ್ಳುವವರಿಗಾಗಲಿ ಅವರ ಹತ್ತಿರದ ನೆಂಟರಿಗಾಗಲಿ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಕೊಡಬೇಕಾದರೆ ಮೇಲಧಿಕಾರಿಯ ವಿಶೇಷ ಲಿಖಿತ ಅನುಮತಿ ಬೇಕು (1298). ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ನೆರಳೂ ಬೀಳಬಾರದು (947). ನಮ್ಮಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಧರ್ಮೋಪದೇಶದ ತರಗತಿಗೆ ಹೋದವರು ನಾವು, ಹತ್ತು ಕಟ್ಟಳೆಗಳನ್ನು ನಿದ್ದೆಯಲ್ಲೂ ಹೇಳುತ್ತೇವೆ. ಇದನ್ನೂ ಒಂದು ಪಾಠವಾಗಿ ಕಲಿಸಿದ್ದರೆ ಆ ದೊಡ್ಡಪ್ಪನಿಗೆ ಉತ್ತರ ಹೇಳಲು ಬರುತ್ತಿತ್ತು.

ನಮ್ಮ ಮೈಸೂರು ಧರ್ಮಕ್ಷೇತ್ರದ ವಿಷಯ ಬರೆಯದೆ ಇದನ್ನೆಲ್ಲ ಬರೆದರೆ ಕಣ್ಣು ಮುಚ್ಚಿಕೊಂಡಂತೆ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಸೇರಿದ ಈ ಧರ್ಮಕ್ಷೇತ್ರದ 37 ಗುರುಗಳು 2019ರಲ್ಲಿ ತಮ್ಮ ಧರ್ಮಾಧ್ಯಕ್ಷರ ಮೇಲೆ ಗಂಭೀರ ಆರೋಪಗಳನ್ನು ಮಾಡಿ ಪೋಪ್ ಫ್ರಾನ್ಸಿಸ್ ಅವರಿಗೆ ಪತ್ರ ಬರೆದರು. ಹಣದ ದುರುಪಯೋಗದ ಆರೋಪವೂ ಅದರಲ್ಲಿತ್ತು. ಧರ್ಮಾಧ್ಯಕ್ಷರು ಎಲ್ಲವನ್ನೂ ನಿರಾಕರಿಸಿದರು. 2023ರ ಜನವರಿಯಲ್ಲಿ ಅವರು ರಜೆಯ ಮೇಲೆ ಹೋದರು, ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷರಾದ ಬರ್ನಾರ್ಡ್ ಮೊರಾಸ್ ಅವರು ಆಡಳಿತ ವಹಿಸಿಕೊಂಡರು. ಆರೋಪದ ಸತ್ಯಾಸತ್ಯ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಆ ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಏನಾಯಿತೆಂದು ಮನೆಯವರಿಗೆ ಗೊತ್ತು. ಪರವಾಗಿ ಒಂದು ಗುಂಪು, ವಿರೋಧವಾಗಿ ಒಂದು ಗುಂಪು, ವಾಟ್ಸಾಪಿನಲ್ಲಿ ಬೈಗುಳ. ಗುರುಗಳು ಒಳ್ಳೆಯವರೋ ಕೆಟ್ಟವರೋ ಎನ್ನುವುದರ ಮೇಲೆಯೇ ಜಗಳ ನಡೆಯಿತು. ಲೆಕ್ಕದ ಪುಸ್ತಕ ಎಲ್ಲಿದೆ, ಅದನ್ನು ಯಾರು ನೋಡಬಹುದು ಎಂದು ಕೇಳಿದವರು ಕಡಿಮೆ.

ಇದು ಒಂದೇ ಊರಿನ, ಒಂದೇ ಸಭೆಯ ಕಾಯಿಲೆಯಲ್ಲ. 2022ರ ಜುಲೈನಲ್ಲಿ ವೈದ್ಯಕೀಯ ಕಾಲೇಜಿನ ಸೀಟಿಗೆ ಹಣ ಪಡೆದ ಆರೋಪದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯದವರು ತಿರುವನಂತಪುರದ ಸಿ.ಎಸ್.ಐ. ದಕ್ಷಿಣ ಕೇರಳ ಧರ್ಮಪ್ರಾಂತ್ಯದ ಕೇಂದ್ರ ಕಚೇರಿಯನ್ನು ಶೋಧಿಸಿದರು. ವ್ಯಾಟಿಕನ್ನಿನಲ್ಲೇ 2023ರ ಡಿಸೆಂಬರ್ 16ರಂದು ಅಲ್ಲಿನ ನ್ಯಾಯಾಲಯ ಕಾರ್ಡಿನಲ್ ಆಂಜೆಲೊ ಬೆಚ್ಚು ಅವರಿಗೆ ಹಣ ದುರುಪಯೋಗದ ಪ್ರಕರಣದಲ್ಲಿ ಐದೂವರೆ ವರ್ಷದ ಶಿಕ್ಷೆ ವಿಧಿಸಿತು. ಅವರು ತಾವು ನಿರ್ದೋಷಿ ಎಂದು ಮೇಲ್ಮನವಿ ಸಲ್ಲಿಸಿದರು. ಲಂಡನ್ನಿನ ಒಂದು ಕಟ್ಟಡದಲ್ಲಿ ವ್ಯಾಟಿಕನ್ ಹಣ ಹೂಡಿ ದೊಡ್ಡ ನಷ್ಟವಾದದ್ದು ಆ ವಿಚಾರಣೆಯ ಮುಖ್ಯ ಭಾಗವಾಗಿತ್ತು. ಓದಿದಾಗ ಹೊಟ್ಟೆ ಉರಿಯಿತು ನಿಜ, ಆದರೆ ಒಬ್ಬ ಕಾರ್ಡಿನಲ್‌ರನ್ನು ಪೋಪರದೇ ರಾಜ್ಯದ ನ್ಯಾಯಾಲಯ ಬಹಿರಂಗವಾಗಿ ವಿಚಾರಣೆ ಮಾಡಿತಲ್ಲ ಎಂಬ ಸಮಾಧಾನವೂ ಆಯಿತು. ಅದಕ್ಕೂ ಮೊದಲು, 2021ರ ಏಪ್ರಿಲ್‌ನಲ್ಲಿ, ವ್ಯಾಟಿಕನ್ ನೌಕರರು 40 ಯೂರೋಗಿಂತ ಹೆಚ್ಚು ಬೆಲೆಯ ಉಡುಗೊರೆ ಪಡೆಯಬಾರದೆಂದು ಪೋಪ್ ಫ್ರಾನ್ಸಿಸ್ ಕಟ್ಟಪ್ಪಣೆ ಮಾಡಿದ್ದರು.

ಈ 40 ಯೂರೋ ವಿಷಯದಲ್ಲಿ ನಮ್ಮ ನಡುವೆ ದೊಡ್ಡ ಚರ್ಚೆಯಾಯಿತು. ಗುರುಗಳ ದೀಕ್ಷೆಯ ಬೆಳ್ಳಿಹಬ್ಬಕ್ಕೆ ಚಿನ್ನದ ಸರ ಹಾಕುವವರು ಯಾರು? ಮಗುವಿಗೆ ಕಾನ್ವೆಂಟಿನಲ್ಲಿ ಸೀಟು ಬೇಕೆಂದು ಹಣ್ಣಿನ ಬುಟ್ಟಿಯ ಕೆಳಗೆ ಲಕೋಟೆ ಇಡುವವರು ಯಾರು? ಊರಿನ ಜನರೇ ತಾನೆ. ಒಬ್ಬಂಟಿಯಾಗಿ ಬಾಳುವ ಮನುಷ್ಯನ ಬಾಗಿಲಿಗೆ ದಿನವೂ ಯಾರಾದರೊಬ್ಬರು ಏನಾದರೊಂದು ಹೊತ್ತು ತಂದರೆ, ಹತ್ತು ವರ್ಷದಲ್ಲಿ ಯಾವುದು ಪ್ರೀತಿ, ಯಾವುದು ಬೆಲೆ ಎಂದು ಗುರುತಿಸುವುದು ಅವರಿಗೂ ಸುಲಭವಲ್ಲ. ತೆಗೆದುಕೊಂಡವರ ತಪ್ಪು ಇದರಿಂದ ಹಗುರಾಗುವುದಿಲ್ಲ ಎಂದು ನಮ್ಮಲ್ಲಿ ಕೆಲವರು ಪಟ್ಟು ಹಿಡಿದರು. ಅದೂ ಸರಿಯೇ.

ದಿಂಡಿಗಲ್ ಇಲ್ಲಿಂದ ಬಸ್ಸಿನಲ್ಲಿ 20 ಕಿಲೋಮೀಟರ್ ಆಸುಪಾಸು. ಬಿರಿಯಾನಿಗೆ ಹೆಸರಾದಂತೆ ಬೀಗಕ್ಕೂ ಹೆಸರಾದ ಊರು. ನಾಗಲ್ ನಗರದ ಸುತ್ತ ಕೈಯಿಂದಲೇ ಬೀಗ ಮಾಡುವ ಮನೆಗಳಿವೆ. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಲೀಗಢದ ಅಗ್ಗದ ಬೀಗಗಳ ಮುಂದೆ ಈ ಕಸುಬು ಸೊರಗಿದೆ ಎನ್ನುತ್ತಾರೆ. ಒಂದು ಭಾನುವಾರ ಅಲ್ಲಿ ಸುತ್ತುವಾಗ, ಹುಂಡಿಗೆ ಬೀಗ ಮಾಡಿಕೊಡುವ ಒಬ್ಬ ಅಯ್ಯನ ಪಟ್ಟಡಿಗೆ ಹೋದೆವು. ಅರದಿಂದ ಹಿತ್ತಾಳೆಯ ಬೀಗದ ಕೈ ಉಜ್ಜುತ್ತ ಕೂತಿದ್ದರು. ಕೋವಿಲ್ ಆಗಲಿ ಚರ್ಚ್ ಆಗಲಿ, ಹುಂಡಿ ಎಂದರೆ ಎರಡು ಬೀಗ ಎಂದರು. ಒಂದರ ಕೈ ಇನ್ನೊಂದಕ್ಕೆ ಹೊಂದಬಾರದು. ಒಂದು ಕೈ ಒಬ್ಬರ ಹತ್ತಿರ, ಇನ್ನೊಂದು ಬೇರೆಯವರ ಹತ್ತಿರ.

“ಇಬ್ಬರಲ್ಲಿ ಒಬ್ಬ ಕಳ್ಳನಿರಬಹುದು ಅಂತಾನಾ ಅಯ್ಯಾ?” ಎಂದು ಕೇಳಿದೆವು.

ಅವರು ನಕ್ಕರು. “ಕಳ್ಳ ಹುಂಡಿಯನ್ನೇ ಹೊತ್ತುಕೊಂಡು ಹೋಗ್ತಾನೆ ತಂಬಿ. ಇದು ಒಳ್ಳೆಯವರಿಗೆ. ನಾಳೆ ಹಣ ಕಡಿಮೆ ಬಂತು ಅಂತ ಊರು ಮಾತಾಡಿದರೆ, ನಾನೊಬ್ಬನೇ ತೆಗೆಯಲಿಲ್ಲ ಅಂತ ಹೇಳೋಕೆ ಇನ್ನೊಬ್ಬ ಬೇಕಲ್ಲ.”

ಬರುವಾಗ ಬಸ್ಸಿನಲ್ಲಿ ಇದೇ ಮಾತು. ಗವಿಯ ಊರಿನವನು ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ವೇದಸಂದೂರು ಹತ್ತಿರ ಬಂದಾಗ, “ಹಾಗಾದರೆ ಅವತ್ತು ದೊಡ್ಡಪ್ಪನ ಪಕ್ಕದಲ್ಲಿ ಇನ್ನೊಬ್ಬರು ಇದ್ದಿದ್ದರೆ ಅವರೂ ನನ್ನ ಮೇಲೆ ರೇಗುತ್ತಿರಲಿಲ್ಲವೇನೋ,” ಎಂದ. ಆ ಹಿರಿಯರು ಹೆದರಿದ್ದರು ಎಂದು ನಮಗೆ ಆಗ ಹೊಳೆಯಿತು. ಹಣ ಎಲ್ಲಿ ಹೋಯಿತೆಂದು ಅವರಿಗೂ ಪೂರ್ತಿ ಗೊತ್ತಿಲ್ಲದಿರಬಹುದು.

ಇಲ್ಲಿ ನಾವು ಹೋಗುವ ದೇವಾಲಯದಲ್ಲಿ ಪ್ರತಿ ಭಾನುವಾರ ಪ್ರಕಟಣೆಯ ಸಮಯದಲ್ಲಿ ಹಿಂದಿನ ವಾರದ ಕಾಣಿಕೆ ಇಷ್ಟು ಎಂದು ಓದುತ್ತಾರೆ. ಎಣಿಸುವಾಗ ಮೂರು ಜನ ಇರುತ್ತಾರೆ, ಮೂವರೂ ಸಹಿ ಹಾಕುತ್ತಾರೆ. ಒಂದು ವಾರ 3,140 ರೂಪಾಯಿ ಎಂದು ಓದಿ, ಅದರಲ್ಲಿ 20 ರೂಪಾಯಿಯ ಒಂದು ಹರಿದ ನೋಟು ಎಂದೂ ಸೇರಿಸಿದರು. ಜನ ನಕ್ಕರು. ಕಾಣಿಕೆ ಹಾಕುವುದನ್ನು ಬಿಟ್ಟಿದ್ದವನೂ ನಕ್ಕ. ಮುಂದಿನ ವಾರ ಅವನು ತಟ್ಟೆಗೆ ಏನೋ ಹಾಕಿದ್ದನ್ನು ನೋಡಿದೆವು, ಎಷ್ಟೆಂದು ಕೇಳಲಿಲ್ಲ.

ಆಮೇಲೆ ಎಲ್ಲರೂ ಕೂತು ಅವನ ಊರಿನ ಧರ್ಮಕೇಂದ್ರದ ಗುರುಗಳಿಗೆ ಒಂದು ಪತ್ರ ಬರೆದೆವು. ಅವರು ಹೊಸದಾಗಿ ಬಂದವರು, ಗವಿಯ ಕಾಲದಲ್ಲಿ ಅಲ್ಲಿ ಇರಲಿಲ್ಲ. ಯಾರ ಮೇಲೂ ದೂರು ಹೇಳಲಿಲ್ಲ. ಗವಿಗೆಂದು ಬಂದ ಹಣ ಎಷ್ಟು, ಉಳಿದಿರುವುದು ಎಷ್ಟು ಎಂದು ದೇವಾಲಯದ ಬೋರ್ಡಿನಲ್ಲಿ ಹಾಕಿಸಿ ಎಂದೆವು. ಹಬ್ಬದ ಕಾಣಿಕೆ ಎಣಿಸುವಾಗ ಯುವಕರಲ್ಲಿ ಇಬ್ಬರನ್ನು ಕೂರಿಸಿಕೊಳ್ಳಿ ಎಂದೂ ಕೇಳಿದೆವು. ಹದಿಮೂರು ಜನ ಸಹಿ ಹಾಕಿದರು. ಒಬ್ಬಳು ಹಾಕಲಿಲ್ಲ. ಅವಳ ತಂಗಿಗೆ ಬರುವ ಜೂನ್‌ನಲ್ಲಿ ಶಾಲೆಗೆ ಶಿಫಾರಸು ಪತ್ರ ಬೇಕು. ಅವಳನ್ನು ಯಾರೂ ಒತ್ತಾಯಿಸಲಿಲ್ಲ, ಆದರೆ ಅವಳ ಆ ಹೆದರಿಕೆ ಇಡೀ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ ಎಂದು ನಮಗೆ ಅನ್ನಿಸಿತು.

ಗುರುಗಳು ಹತ್ತು ದಿನ ಏನೂ ಹೇಳಲಿಲ್ಲ. ಹನ್ನೊಂದನೆಯ ದಿನ ರಾತ್ರಿ ಪಾಳಿಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಹಳೆಯ ಪುಸ್ತಕಗಳನ್ನು ಹುಡುಕಿಸುತ್ತಿದ್ದೇನೆ, ಎರಡು ರಸೀದಿ ಪುಸ್ತಕ ಸಿಕ್ಕಿದೆ, ಒಂದು ಸಿಕ್ಕಿಲ್ಲ ಎಂದರು. ಸಿಕ್ಕಿಲ್ಲ ಎಂದು ನೇರವಾಗಿಯೇ ಹೇಳಿದ್ದು ನಮಗೆ ಹಿಡಿಸಿತು. ಹಬ್ಬಕ್ಕೆ ನೀವೇ ಇಬ್ಬರು ಬಂದು ಎಣಿಕೆಗೆ ಕೂರಿ, ದೊಡ್ಡಪ್ಪನವರೂ ಇರುತ್ತಾರೆ ಎಂದರು. ಹಬ್ಬ, ಅದರ ಮಾರನೆಯ ದಿನದ ಎಣಿಕೆ, ಪ್ರಯಾಣ ಎಲ್ಲ ಸೇರಿ ಮೂರು ದಿನ ರಜೆ ಬೇಕು. ಮಿಲ್ಲಿನಲ್ಲಿ ಸೂಪರ್‌ವೈಸರ್ ಒಬ್ಬರಿಗಾದರೆ ಕೊಡುತ್ತೇನೆ, ಇಬ್ಬರಿಗೆ ಆಗುವುದಿಲ್ಲ ಎನ್ನುತ್ತಿದ್ದಾರೆ. ಒಬ್ಬರೇ ಹೋಗುವುದು ಬೇಡ ಎಂದು ನಾವು ತೀರ್ಮಾನಿಸಿದ್ದೇವೆ. ಬದಲಿ ಪಾಳಿ ಮಾಡುವವರು ಯಾರಾದರೂ ಸಿಗುತ್ತಾರೆಯೇ ಎಂದು ಈ ವಾರವೆಲ್ಲ ಕೇಳುತ್ತಿದ್ದೇವೆ.