ವ್ಯಾನಿಗೆ ಡಿಶ್ಶೋ, ಮೊಬೈಲ್ ನೆಟ್ಟೋ

ಸಂಗಾತಿಗಳೇ, ಹೋದ ವಾರ ನಮ್ಮ ವ್ಯಾನಿನ ಫೋಟೋ ಹಾಕಿದ್ದೆ. ನೋಡಿದ ಐದಾರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಒಳಗೆ ಟಿವಿ ಐತಲ್ಲ, ಅದಕ್ಕೆ ಡಿಶ್ ಹಾಕೀರೋ, ಮೊಬೈಲ್ ನೆಟ್ಟಿಂದ ನಡೆಸ್ತೀರೋ? ನಾವೂ ಒಂದು ಗಾಡಿ ಮಾಡ್ಬೇಕಂತ ಇದೀವಿ." ಇದು ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ. ಇದೇ ವಿಷಯಕ್ಕೆ ನಮ್ಮ ಮಾಸ್ತರು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು. ಹಂಗಾಗಿ ಉದ್ದಕ್ಕೇ ಬರೀತಿದ್ದೀನಿ, ಪುರುಸೊತ್ತು ಇದ್ದಾಗ ಓದ್ರಿ.

ಮೊದಲು ಗಾಡಿ ಬಗ್ಗೆ. ಹಂಪಿಗೆ ಒಮ್ಮೊಮ್ಮೆ ಮೋಟರ್‌ಹೋಮ್ ಅನ್ನೋವು ಬರ್ತವೆ. ಒಳಗೇ ಹಾಸಿಗೆ, ಅಡುಗೆಮನೆ, ಕಕ್ಕಸು, ಎಲ್ಲಾ. ನಮ್ಮದು ಅಂಥದ್ದಲ್ಲ. ಒಬ್ಬ ಸಂಗಾತಿಯ ಹಳೇ ಟೆಂಪೋ ಟ್ರಾವೆಲರ್. ಹಿಂದಿನ ಸೀಟು ತೆಗೆಸಿ ಎರಡು ಹಲಗೆ ಮಂಚ, ಒಂದು ಗ್ಯಾಸ್ ಒಲೆ, ಪುಸ್ತಕದ ಪೆಟ್ಟಿಗೆ ಇಟ್ಟಿದ್ದೀವಿ. ಹಿಂದಿನ ಬಾಗಿಲು ತೆಗೆದರೆ ಹೊರಗೆ ಮುಖ ಮಾಡಿದ 32 ಇಂಚಿನ ಟಿವಿ. ಸೀಟು ತೆಗೆಯೋಕೆ ಆರ್‌ಟಿಒ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆ 52ನೇ ಕಲಂ. ಗುಮಾಸ್ತನ ತಲೆಗೆ ಮೊದಲು ಹೊಳೆದದ್ದೇ ಅದು, ಅರ್ಜಿ ಬರೆದವನೂ ನಾನೇ. ನವೆಂಬರ್ 26ರ ಸಂವಿಧಾನ ದಿನದಿಂದ ಡಿಸೆಂಬರ್ 6ರ ಬಾಬಾಸಾಹೇಬರ ಪರಿನಿಬ್ಬಾಣ ದಿನದ ತನಕ ಹನ್ನೊಂದು ದಿನ, ದಿನಕ್ಕೊಂದು ಊರು. ನಮ್ಮ ವಡ್ಡಿನಿಂದ ಹೊರಟು ತೋರಣಗಲ್ಲು, ಸಂಡೂರು ಸೀಮೆ, ಆಮೇಲೆ ಹೊಸಪೇಟೆ, ಕಮಲಾಪುರ ದಾಟಿ ಕಂಪ್ಲಿ ಕಡೆ. ಹಗಲು ಶಾಲೆ-ಹಾಸ್ಟೆಲಿನಲ್ಲಿ ಪುಸ್ತಕ, ರಾತ್ರಿ ಕೇರಿಯಲ್ಲಿ ಟಿವಿ, ಆಮೇಲೆ ಗಾಡಿಯಲ್ಲೇ ನಿದ್ದೆ. ಇದಕ್ಕೆ ನನ್ನ ಗಳಿಕೆ ರಜೆ ಖರ್ಚಾಗ್ತದೆ, ಮನೆಯಲ್ಲಿ ಬೈಗುಳ ಪುಕ್ಕಟೆ.

ಕರೆಂಟಿನ ಚಿಂತೆ ಇಲ್ಲ. ಟಿವಿಗೆ ಸುಮಾರು 50 ವ್ಯಾಟ್, ಸೆಟ್‌ಟಾಪ್ ಬಾಕ್ಸಿಗೆ 10. 150 ಎಎಚ್ ಬ್ಯಾಟರಿ, ಒಂದು ಇನ್ವರ್ಟರ್ ಇದ್ದರೆ ರಾತ್ರಿಗೆ ಮೂರು ತಾಸು ಆರಾಮಾಗಿ ನಡೀತದೆ. ಯಾರ ಮನೆ ಪ್ಲಗ್ಗೂ ಕೇಳಬೇಕಾಗಿಲ್ಲ. ಜಗಳ ಇದ್ದದ್ದು ಚಿತ್ರ ಎಲ್ಲಿಂದ ಬರಬೇಕು ಅನ್ನೋದರ ಮೇಲೆ.

ಮಾಸ್ತರು ಡಿಶ್ ಪರ. ಸರ್ಕಾರಿ ಶಾಲೆಯಿಂದ ರಿಟೈರ್ ಆದವರು, ಹುಟ್ಟಿದ್ದು ಹೊಳೆಯಾಚೆ, ಆಗಿನ ರಾಯಚೂರು ಜಿಲ್ಲೆ. ಅವರ ಡಿಶ್ ಪ್ರೀತಿಗೆ ಒಂದು ಕಾರಣ ಐತೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನೋ ಉಪಗ್ರಹ ಎರವಲು ಪಡೆದು, ನಮ್ಮ ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿ ಇದ್ದವು. ಕೋಳಿ ಗೂಡಿಗೆ ಹಾಕೋ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್, ಪಕ್ಕದಲ್ಲಿ ಟಿವಿ. ಮಾಸ್ತರು ಆಗ ಹನ್ನೆರಡು-ಹದಿಮೂರು ವರ್ಷದ ಹುಡುಗ. "ಶಾಲೆ ಅಂಗಳದಾಗ ಇಟ್ಟಿದ್ರು. ಗೌಡ್ರ ಟಿವಿ ಅಲ್ಲ, ಸರ್ಕಾರದ ಟಿವಿ. ಹೊರಗ ನಿಲ್ಲು ಅನ್ನಾಕ ಯಾರಿಗೂ ಬಾಯಿ ಇರಲಿಲ್ಲ" ಅಂತಾರೆ. ಒಂದು ಕ್ಷಣ ಬಿಟ್ಟು, "ನಮ್ಮ ಸಾಲು ಬ್ಯಾರೆ ಇತ್ತು ಬಿಡು" ಅಂತ ಸೇರಿಸ್ತಾರೆ.

ನನಗೆ ಅಂಥ ಅಂಗಳ ಸಿಗಲಿಲ್ಲ. 1988ರಲ್ಲಿ ದೂರದರ್ಶನದಲ್ಲಿ ಮಹಾಭಾರತ ಶುರುವಾದಾಗ ನನಗೆ ಏಳು ವರ್ಷ. ಊರಲ್ಲಿ ಒಂದು ದೊಡ್ಡ ಮನೆಯಲ್ಲಿ ಮಾತ್ರ ಟಿವಿ, ಮಾಳಿಗೆ ಮೇಲೆ ಉದ್ದ ಕೊಳವೆಗೆ ಕಟ್ಟಿದ ಆಂಟೆನಾ. ಭಾನುವಾರ ನಾವು ಕೇರಿ ಹುಡುಗರು ಆ ಮನೆ ಕಿಟಕಿಯಿಂದ ಮಾರು ದೂರ ನಿಂತು ನೋಡ್ತಿದ್ವಿ. ದನಿ ಕೇಳ್ತಿರಲಿಲ್ಲ. ಕೇಳಿದ್ದರೂ ಅದು ಹಿಂದಿ. ಹಂಗಾಗಿ ನಮ್ಮ ಮಾತು ನಾವೇ ಹಾಕ್ಕೊಂತಿದ್ವಿ, ನಮ್ಮ ಭೀಮ ಅಪ್ಪಟ ವಡ್ಡಿನ ಮಾತಾಡ್ತಿದ್ದ. ಬಿಸಿಲು ಬಿದ್ದು ಟಿವಿ ಸರಿಯಾಗಿ ಕಾಣಲ್ಲ ಅಂತ ಒಳಗಿನವರು ಕಿಟಕಿ ಮುಚ್ಚಿಬಿಡೋರು. ನಮಗೆ ಕೌರವರು ಯಾವಾಗ ಸತ್ತರೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹಾಗಾಗಿ ನಮ್ಮ ಮಾಳಿಗೆ ಮೇಲೆ ಮೊದಲ ಸಲ ಡಿಶ್ ಕೂತ ದಿನ ನಮ್ಮವ್ವ ಅದಕ್ಕೆ ಕುಂಕುಮ ಹಚ್ಚಿದ್ದಳು. ನಾನು ಬೈದೆ. "ನಿನಗೇನು ಗೊತ್ತಾಗ್ತತೆ ಬಿಡು" ಅಂದಳು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರೋದು ಅದೇ. ಒಂದು ಸಲ ಡಿಶ್ಶು-ಬಾಕ್ಸಿಗೆ ದುಡ್ಡು ಕೊಟ್ಟರೆ ಮುಗೀತು, ತಿಂಗಳ ಬಾಡಿಗೆ ಇಲ್ಲ. ಕೂಲಿ ಮಾಡೋ ಮನೆಗೆ ಅದೇ ದೊಡ್ಡ ಮಾತು.

ಗಾಡಿಗೆ ಬಂದರೆ ಲೆಕ್ಕ ಬೇರೆ. ಫ್ರೀ ಡಿಶ್ ಚಾನೆಲ್ಲುಗಳು ಬರೋದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಕೂತೈತೆ. ನಮ್ಮ ಹೊಸಪೇಟೆ-ಸಂಡೂರು ಸೀಮೆಯಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ನೋಡೋಕೆ ತಟ್ಟೆ ಅಷ್ಟು ಮೇಲೆ ಮುಖ ಮಾಡಿದಂಗೆ ಕಾಣಲ್ಲ, ಅದರ ಕಟ್ಟೇ ಹಂಗೆ, ಕಣ್ಣಳತೆ ನಂಬಿದರೆ ಕೆಟ್ಟಿರಿ. ಗಾಡಿ ತಲೆ ಮೇಲೆ ಬಿಗಿದರೆ ಪ್ರತಿ ಊರಲ್ಲಿ ಗಾಡಿ ಯಾವ ಕಡೆ ವಾಲಿ ನಿಂತೈತೆ ಅಂತ ನೋಡಿ ಮತ್ತೆ ಹೊಂದಿಸಬೇಕು. ಎರಡು ಡಿಗ್ರಿ ತಪ್ಪಿದರೆ ಸಿಗ್ನಲ್ ಇಲ್ಲ. ಶ್ರೀಮಂತರ ಮೋಟರ್‌ಹೋಮಿನಲ್ಲಿ ಗುಂಡಿ ಒತ್ತಿದರೆ ತಾನೇ ತಿರುಗಿ ಉಪಗ್ರಹ ಹುಡುಕೋ ಡಿಶ್ ಇರ್ತದಂತೆ. ನಾವು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ನೆಲದ ಮೇಲೆ ಇಟ್ವಿ, ಕಾಲಿಗೆ ಕಲ್ಲು ಹೇರಿ, ಕೇಬಲ್ಲು ಕಿಟಕಿಯಿಂದ ಒಳಗೆ. ಸಣ್ಣ ಸಿಗ್ನಲ್ ಮೀಟರ್ ಒಂದು ಇಟ್ಕೊಳ್ರಿ, ಅರ್ಧ ತಾಸಿನ ಕೆಲಸ ಐದು ನಿಮಿಷಕ್ಕೆ ಆಗ್ತದೆ. 63 ಡಿಗ್ರಿ ಅಂದ್ರೆ ಎತ್ತರದ ನೋಟ, ಒಂದಂತಸ್ತಿನ ಮನೆಗಳು ಅಡ್ಡ ಬರಲ್ಲ. ಮರ ಬರ್ತದೆ. ಜೋರು ಮಳೆಗೂ ಚಿತ್ರ ನಿಲ್ತದೆ.

ಹುಡುಗರು ನೆಟ್ ಪರ. ಅವರ ವಾದವೂ ಗಟ್ಟಿ. ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಚಂದನ ಐತೆ, ಉಳಿದದ್ದು ಹೆಚ್ಚಿನಂಶ ಹಿಂದಿ. ಅವರು ಹಾಕಿದ್ದನ್ನ ಅವರು ಹಾಕಿದ ಹೊತ್ತಿಗೆ ನೋಡಬೇಕು. ನಮಗೆ ಬೇಕಾದದ್ದು ಬೇರೆ. ಶ್ಯಾಮ್ ಬೆನಗಲ್ ರಾಜ್ಯಸಭಾ ಟಿವಿಗೆ ಮಾಡಿದ 'ಸಂವಿಧಾನ್', 2014ರದು, ಹತ್ತು ಕಂತು, ಯೂಟ್ಯೂಬಿನಲ್ಲಿ ಐತೆ. ಭಾಷೆ ಹಿಂದಿ, ನಡುನಡುವೆ ನಿಲ್ಲಿಸಿ ಮಾಸ್ತರು ಕನ್ನಡದಲ್ಲಿ ಹೇಳಬೇಕು. ಡಿಶ್‌ನಲ್ಲಿ ನಿಲ್ಲಿಸೋಕೆ ಆಗ್ತದೇನು? ಇನ್ನು 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಬಂದಾಗ ಊರೂರಿನ ಕೇರಿಗಳು ಫ್ಲೆಕ್ಸ್ ಕಟ್ಟಿ ಸ್ವಾಗತಿಸಿದ್ದು ನಿಮಗೆಲ್ಲ ನೆನಪೈತೆ. ಅದು ದುಡ್ಡು ಕೊಟ್ಟು ನೋಡೋ ಚಾನೆಲ್. 'ಜೈ ಭೀಮ್' ಸಿನಿಮಾ 2021ರ ನವೆಂಬರಿನಲ್ಲಿ ಥಿಯೇಟರಿಗೇ ಬರದೆ ನೇರ ಅಮೆಜಾನ್ ಪ್ರೈಮಿಗೆ ಬಂತು, ಕನ್ನಡಕ್ಕೂ ಡಬ್ ಆಗಿ. ನಮ್ಮ ಹೆಸರಿನ ಜಯಕಾರವೇ ಹೆಸರಾಗಿರೋ ಸಿನಿಮಾ ನೋಡೋಕೆ ಚಂದಾ ಕಟ್ಟಬೇಕು. ಆ ಚಂದಾನೂ ಮನೆಯವರು ನೋಡೋಕೆ ಮಾತ್ರ, ಊರಿಗೆ ತೋರಿಸೋಕಲ್ಲ ಅಂತ ನಾನು ಷರತ್ತು ಓದಿ ಹೇಳಿದೆ. ಒಬ್ಬ ಹುಡುಗ, "ಕೇರಿ ಅಂದ್ರೆ ಒಂದೇ ಮನೆ ಅಲ್ಲೇನಣ್ಣ?" ಅಂದ. ಅವನಿಗೆ ಉತ್ತರ ಕೊಡೋಕೆ ಆಗಲಿಲ್ಲ. ಆದರೂ ಆ ಸಿನಿಮಾ ಕೈಬಿಟ್ವಿ.

ಡೇಟಾ ಲೆಕ್ಕ: ಸಾಧಾರಣ ಗುಣಮಟ್ಟದಲ್ಲಿ ತಾಸಿಗೆ ಅರ್ಧದಿಂದ ಒಂದು ಜಿಬಿ. ಎರಡು ತಾಸು ನೋಡಿದರೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಬಹುತೇಕ ಖಾಲಿ. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿದ ಮೇಲೆ ಅದೂ ಕೈ ಕಚ್ತದೆ. ಸಂಡೂರು ಗುಡ್ಡದ ಸಂದಿನ ಕೆಲವು ಊರುಗಳಲ್ಲಿ ಫೋನಿನ ಮೇಲೆ ಒಂದು ಗೆರೆ ಬಂದರೆ ಪುಣ್ಯ.

ಹೋದ ವರ್ಷ ಎರಡನ್ನೂ ಹೇರಿಕೊಂಡು ಹೊರಟ್ವಿ. ಮೊದಲ ಮೂರು ರಾತ್ರಿ ಚೆನ್ನಾಗೇ ಆಯ್ತು. ನಾಲ್ಕನೇ ಊರಿನ ಹೆಸರು ಬೇಡ. ಕೇರಿಯೊಳಗೆ ಓಣಿ ಇಕ್ಕಟ್ಟು, ಗಾಡಿ ನಿಲ್ಲೋದು ದೊಡ್ಡ ಬೇವಿನ ಮರದ ಕೆಳಗೆ ಮಾತ್ರ. ಮರದಡಿ ಡಿಶ್ ಹಿಡಿಯಲ್ಲ. ಕೇಬಲ್ ಹತ್ತು ಮೀಟರ್, ಸಾಲಲಿಲ್ಲ. ಬಯಲು ಇದ್ದದ್ದು ಗುಡಿ ಮುಂದೆ. ಮಾಸ್ತರು ಅಂದರು, "ಅಲ್ಲೇ ಹಾಕಾಣ. ಪಂಚಾಯ್ತಿ ಜಾಗ, ಯಾರಪ್ಪಂದೇನಲ್ಲ." ಹೋಗಿ ನಿಲ್ಲಿಸಿದ್ವಿ. ಯಾರೂ ತಡೀಲಿಲ್ಲ. ಒಬ್ಬ ಹಿರಿಯರು ಬಂದು ಕರೆಂಟು ಬೇಕೇನು ಅಂತಾನೂ ಕೇಳಿದರು, ಇದನ್ನ ಹೇಳದಿದ್ದರೆ ತಪ್ಪಾಗ್ತದೆ. ಡಿಶ್ ಹಿಡೀತು, ಚಂದನದ ವಾರ್ತೆ ಬಂತು. ಊರವರು ಮೂವತ್ತು ಜನ ಕೂಡಿದರು. ಕೇರಿಯಿಂದ ಬಂದದ್ದು ನಾಲ್ಕು ಹುಡುಗರು.

ನಾನು ಕರೆಯೋಕೆ ಹೋದೆ. ಬೇವಿನ ಕಟ್ಟೆ ಮೇಲೆ ಹೆಂಗಸರು ಆಗಲೇ ಚಾಪೆ ಹಾಸಿಕೊಂಡು ಕೂತಿದ್ದರು. ಒಬ್ಬ ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ, "ಗಾಡಿ ಇಲ್ಲಿಗೆ ಬರ್ತತಂದ್ರು, ಎಲ್ಲೈತೆ?" ಅಂದಳು. ಗುಡಿ ಮುಂದೆ ಐತೆ ಬರ್ರಿ ಅಂದೆ. ಯಾರೂ ಏಳಲಿಲ್ಲ. ಯಾರಾದ್ರೂ ಬೇಡ ಅಂತಾರೇನಬೇ ಅಂತ ಕೇಳಿದೆ. "ಬ್ಯಾಡ ಅಂದೋರು ಯಾರೂ ಇಲ್ಲಪ್ಪ," ಅಂದಳು. "ಬಾ ಅಂದೋರೂ ಇಲ್ಲ."

ನಾನು ವಾಪಸ್ ಹೋಗಿ ಸ್ಟ್ಯಾಂಡಿನ ಕಲ್ಲು ಎತ್ತೋಕೆ ಶುರು ಮಾಡಿದೆ. ಮಾಸ್ತರು ಕೈ ಹಿಡಿದರು. "ಇಲ್ಲಿಂದ ಕಿತ್ತರೆ ನಾವೇ ಗೆರೆ ಎಳೆದಂಗಾಗ್ತತೆ. ಬರಲಿ ಬಿಡಲಿ, ಗಾಡಿ ಇಲ್ಲೇ ನಿಲ್ಲಬೇಕು. ಹದಿನೇಳನೇ ವಿಧಿ ಬರೀ ಪುಸ್ತಕದಾಗ ಇರಬೇಕೇನು?" ನಾನು, "ಮಾಸ್ತರೇ, ಚಾಪೆ ಹಾಸಿ ಕುಂತೋರು ಅಲ್ಲಿ ಅದಾರೆ" ಅಂದೆ. ಅವರು ಹೇಳಿದ್ದು ತಪ್ಪು ಅಂತ ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ನಾವು ಗಾಡಿ ಹತ್ತಿ ಹೋಗೋರು, ಗುಡಿ ಮುಂದೆ ಕೂತ ಅಜ್ಜಿ ಅದೇ ಊರಲ್ಲಿ ಕೂಲಿಗೆ ಹೋಗಬೇಕು. ಗಾಡಿ ತಿರುಗಿಸಿದೆವು. ಕೂಡಿದ್ದ ಊರವರಿಗೆ "ಎಲ್ಲರೂ ಕೇರಿಗೆ ಬರ್ರಿ, ಅಲ್ಲಿ ತೋರಿಸ್ತೀವಿ" ಅಂತ ಹೇಳೇ ಹೊರಟ್ವಿ.

ಬೇವಿನ ಮರದಡಿ ಡಿಶ್ ಇಲ್ಲ, ನೆಟ್ ಒಂದು ಗೆರೆ. 'ಸಂವಿಧಾನ್' ಮೊದಲ ಕಂತು ಹಾಕಿದರೆ ಎರಡು ನಿಮಿಷ ಓಡಿ, ಮೂರು ನಿಮಿಷ ಸುತ್ತುತ್ತಿತ್ತು. ಸುತ್ತೋ ಹೊತ್ತಲ್ಲಿ ಮಾಸ್ತರು ಸಿಟ್ಟಿನಲ್ಲೇ ಕನ್ನಡದಲ್ಲಿ ಹೇಳ್ತಿದ್ದರು. ಒಬ್ಬ ಹುಡುಗ ನನ್ನ ಕಂಪನಿ ಸಿಮ್ಮಿಗೆ ಇಲ್ಲಿ ಚಲೋ ಬರ್ತತೆ ಅಂತ ಮಾಳಿಗೆ ಹತ್ತಿ ಹಾಟ್‌ಸ್ಪಾಟ್ ಕೊಟ್ಟ. ನಲವತ್ತು ನಿಮಿಷಕ್ಕೆ ಅವನ ಆ ದಿನದ ಪ್ಯಾಕ್ ಮುಗೀತು. ಇನ್ನೊಬ್ಬ ಹತ್ತಿದ. ಆಮೇಲೆ ಒಬ್ಬ ಹುಡುಗಿ, ಪಿಯುಸಿ ಓದೋಳು, "ನಂದು ಎರಡು ಜಿಬಿ ಐತಣ್ಣ, ಇವತ್ತು ಮುಟ್ಟೇ ಇಲ್ಲ" ಅಂತ ಫೋನು ಕೊಟ್ಟಳು. ಜಾತ್ರೆಗೆ ಪಟ್ಟಿ ಎತ್ತಿದಂಗೆ ಡೇಟಾ ಎತ್ತಿ ಎರಡು ಕಂತು ನೋಡಿದ್ವಿ.

ಗುಡಿ ಮುಂದೆ ಕೂಡಿದ್ದವರಲ್ಲಿ ಕೇರಿಗೆ ಬಂದದ್ದು ಏಳೋ ಎಂಟೋ ಮಂದಿ, ಎಲ್ಲಾ ಹರೆಯದ ಹುಡುಗರು. ಗಾಡಿ ಬೆಳಕು ಮುಟ್ಟದ ಕಡೆ ಗೋಡೆಗೆ ಒರಗಿ ನಿಂತಿದ್ದರು. ಅಜ್ಜಿ ಚಾಪೆ ಅಂಚು ತಟ್ಟಿ, "ಬಾರಪ್ಪ, ಕುಂದ್ರು" ಅಂದಳು ಒಬ್ಬನಿಗೆ. "ಇಲ್ಲೇ ಚಲೋ ಐತಬೇ" ಅಂದ. ಮುಗಿಯೋ ತನಕ ನಿಂತೇ ನೋಡಿದ.

ಮಾಸ್ತರು ಮಾತು ಬಿಟ್ಟದ್ದು ಅವತ್ತು. ಕಂಪ್ಲಿ ರಸ್ತೆಯಲ್ಲಿ ಚಹಾ ಕುಡಿಯುವಾಗ ತಾವಾಗೇ ಮಾತಾಡಿಸಿದರು, "ಮುಂದಿನ ಸಲ ಕೇಬಲ್ಲು ಉದ್ದಂದು ತಗೋ" ಅಂತ.

ಈ ಸಲದ ಏರ್ಪಾಡು ಹೀಗೈತೆ. ಗಾಡಿ ನಿಲ್ಲೋದು ಕೇರಿಯಲ್ಲೇ. ಚಿತ್ರ ನೆಟ್ಟಿಂದ, ಬೇರೆ ಬೇರೆ ಕಂಪನಿಯ ಎರಡು ಸಿಮ್ ಹಾಕಿದ ಫೋನಿಂದ, ಅದನ್ನ ಉದ್ದ ಬಿದಿರಿಗೆ ಕಟ್ಟಿ ಮೇಲೆ ಏರಿಸೋದು. ನಮ್ಮವೇ ಸಭೆಗಳ ವಿಡಿಯೋ, ಹಾಡಿನ ತಂಡದವರು ಒಪ್ಪಿ ಕೊಟ್ಟ ರೆಕಾರ್ಡಿಂಗು ಪೆನ್‌ಡ್ರೈವಿನಲ್ಲಿ, ನೆಟ್ ಕೈಕೊಟ್ಟ ರಾತ್ರಿಗೆ. ಡಿಶ್ಶನ್ನೂ ಬಿಟ್ಟಿಲ್ಲ, 30 ಮೀಟರ್ ಕೇಬಲ್ಲಿನ ಜೊತೆ ಹಿಂದೆ ಹೇರಿದ್ದೀವಿ. ಆ ನಾಲ್ಕನೇ ಊರಿಗೆ ಈ ಸಲ ಎರಡು ರಾತ್ರಿ ಇಟ್ಟಿದ್ದೀವಿ. ಒಂದು ಬೇವಿನ ಕಟ್ಟೆಯಲ್ಲಿ. ಇನ್ನೊಂದು ಎಲ್ಲಿ ಅಂತ ಕೇರಿಯ ಹೆಂಗಸರನ್ನ ಕೇಳಿ ತೀರ್ಮಾನ ಮಾಡೋದು ಅಂತ ಮಾಸ್ತರೂ ಒಪ್ಪಿದ್ದಾರೆ. ಹೋದ ಭಾನುವಾರ ಕೇಳೋಕೆ ಹೋಗಿದ್ದೆ. "ಶಾಲಿ ಅಂಗಳದಾಗ ಹಾಕ್ರಿ, ನೋಡಾಣ" ಅಂದಿದ್ದಾರೆ. ಶಾಲೆ ಅಂಗಳದಲ್ಲಿ ಮರ ಇಲ್ಲ, ಆಗ್ನೇಯಕ್ಕೆ ಆಕಾಶ ಖಾಲಿ ಐತೆ, ನಾನೇ ನಿಂತು ನೋಡಿ ಬಂದೆ. ಅನುಮತಿ ಅರ್ಜಿ ನಾಳೆ ಬರೀಬೇಕು.

ಜೈ ಭೀಮ್.