ಬಿಯರ್ ಊರಿನ ಬೆಟ್ಟದ ದಾರಿ

ಅಮೆರಿಕದ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆ ಸಾಗಿದರೆ ರಾಕಿ ಪರ್ವತಗಳ ಬುಡದಲ್ಲಿ ಗೋಲ್ಡನ್ ಎಂಬ ಪುಟ್ಟ ಊರು ಸಿಗುತ್ತದೆ. 1859ರ ಚಿನ್ನದ ಹುಚ್ಚಿನಲ್ಲಿ ಹುಟ್ಟಿದ ಊರೇನೋ ಹೌದು. ಆದರೆ ಹೆಸರು ಬಂದದ್ದು ಚಿನ್ನದಿಂದಲ್ಲ, ಥಾಮಸ್ ಗೋಲ್ಡನ್ ಎಂಬ ಗಣಿಗಾರನಿಂದ. ಈಗ ಈ ಊರಿಗೆ ಎರಡು ಗುರುತು: ಕೂರ್ಸ್ ಬಿಯರ್ ಕಾರ್ಖಾನೆ ಮತ್ತು ಕೊಲರಾಡೊ ಸ್ಕೂಲ್ ಆಫ್ ಮೈನ್ಸ್ ಎಂಬ ಗಣಿ ವಿದ್ಯಾಲಯ.

ಮಗನನ್ನೋ ಮಗಳನ್ನೋ ನೋಡಲು ಕರ್ನಾಟಕದಿಂದ ಹೋದ ತಂದೆ–ತಾಯಿಗೆ ಬಿಯರ್ ಕಾರ್ಖಾನೆ ನೋಡುವ ಮಾತು ಮುಜುಗರ ತರಬಹುದು. ಮುಜುಗರಕ್ಕೆ ಕಾರಣವಿಲ್ಲ. 21 ವರ್ಷ ತುಂಬದವರಿಗೆ ಅಲ್ಲಿ ಮದ್ಯ ಕೊಡುವಂತಿಲ್ಲ. ಕುಡಿಯದವರಿಗೂ ನೋಡಲು ಬೇಕಾದಷ್ಟಿದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವ ಮೊದಲ ಹಂತ ಮನೆಯಲ್ಲಿ ರಾಗಿ ಮಾಲ್ಟ್ ಮಾಡುವ ಅಮ್ಮಂದಿರಿಗೆ ಹೊಸದೇ ಅಲ್ಲ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ; ಪಿಷ್ಟ ಸಕ್ಕರೆಯಾಗುವುದು ಅವುಗಳಿಂದಲೇ. ರಾಗಿ ಮಾಲ್ಟ್ ಸಿಹಿಯಾಗುವುದಕ್ಕೂ ಇದೇ ಕಾರಣ. ಬಿಯರ್‌ನವರು ಅಲ್ಲಿಗೇ ನಿಲ್ಲುವುದಿಲ್ಲ. ಆ ಸಿಹಿ ರಸವನ್ನು ದೊಡ್ಡ ಕೊಪ್ಪರಿಗೆಗಳಲ್ಲಿ ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್‌ಗೆ ಒಪ್ಪಿಸುತ್ತಾರೆ.

ಕಾರ್ಖಾನೆಯ ನಿಜವಾದ ಕಥೆ ಮಾತ್ರ ಬಿಯರ್ ಇಲ್ಲದ ವರ್ಷಗಳದು. 1868ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಟಿಕೆಟ್ಟಿಲ್ಲದೆ ಅಡಗಿ ಬಂದ ಅಡಾಲ್ಫ್ ಕೂರ್ಸ್ ಎಂಬ ಅನಾಥ ಯುವಕ 1873ರಲ್ಲಿ ಪಾಲುದಾರನೊಬ್ಬನ ಜತೆ ಕ್ಲಿಯರ್ ಕ್ರೀಕ್ ಹೊಳೆಯ ದಡದಲ್ಲಿ ಇದನ್ನು ಆರಂಭಿಸಿದ. 1916ರ ಜನವರಿಯಲ್ಲಿ ಕೊಲರಾಡೊದಲ್ಲಿ ಪಾನನಿಷೇಧ ಬಂತು. ದಾಸ್ತಾನಿದ್ದ ಬಿಯರನ್ನೆಲ್ಲ ಅದೇ ಹೊಳೆಗೆ ಸುರಿದರು. ನಿಷೇಧ ಪೂರ್ತಿ ತೆರವಾದದ್ದು 1933ರಲ್ಲಿ. ಅಷ್ಟು ಕಾಲ ಬಾಗಿಲು ಮುಚ್ಚದಂತೆ ಕಾಪಾಡಿದ್ದು ಮಾಲ್ಟ್ ಬೆರೆಸಿದ ಹಾಲಿನ ಪುಡಿ ಮತ್ತು ಪಿಂಗಾಣಿ! ಮೊದಲ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಯೋಗಾಲಯ ಪಾತ್ರೆಗಳು ಅಮೆರಿಕಕ್ಕೆ ಬರುವುದು ನಿಂತಿತ್ತು. ಕೂರ್ಸ್ ಮನೆತನದ ಕುಂಭೋದ್ಯಮ ಆ ಜಾಗವನ್ನು ಹಿಡಿಯಿತು. ಉರಿಯುವ ಬರ್ನರ್ ಮೇಲಿಡುವ ಬಿಳಿಯ ಕ್ರೂಸಿಬಲ್‌ನ ಮೇಲೆ ಕೂರ್ಸ್ ಎಂಬ ಹೆಸರನ್ನು ಓದಿದ ರಸಾಯನಶಾಸ್ತ್ರದ ವಿದ್ಯಾರ್ಥಿಗಳೆಷ್ಟೋ. ಅದು ಬಿಯರ್‌ನ ಹೆಸರೂ ಹೌದೆಂದು ತಿಳಿದವರು ಅವರಲ್ಲಿ ಕಡಿಮೆಯೇ ಇದ್ದಿರಬೇಕು.

ಹೊಳೆಗೂ ಅದರದೇ ಕಷ್ಟವಿದೆ. ಮೇಲ್ಭಾಗದ ಹಳೆಯ ಚಿನ್ನದ ಗಣಿಗಳಿಂದ ಇಂದಿಗೂ ಲೋಹ ಬೆರೆತ ಆಮ್ಲೀಯ ನೀರು ಒಸರುತ್ತದೆ. 1983ರಲ್ಲಿ ಅಲ್ಲಿನ ಸರಕಾರ ಈ ಪ್ರದೇಶವನ್ನು ತುರ್ತಾಗಿ ಶುದ್ಧಿ ಮಾಡಬೇಕಾದ ತಾಣಗಳ ಪಟ್ಟಿಗೆ ಸೇರಿಸಿತು. ಚಿನ್ನ ಅಗೆದವರು ಹೋಗಿ ನೂರು ವರ್ಷ ದಾಟಿದರೂ ಬಿಲ್ಲು ಮೊಮ್ಮಕ್ಕಳ ಕೈಗೆ ಬರುತ್ತಿದೆ.

ಮಧ್ಯಾಹ್ನದ ಊಟ ಮುಗಿಸಿ ಲುಕ್‌ಔಟ್ ಮೌಂಟನ್ ಹತ್ತಬಹುದು. ರಸ್ತೆ ಆಗುಂಬೆ ಘಾಟಿಯನ್ನು ನೆನಪಿಸುವಷ್ಟು ಸುತ್ತುತ್ತದೆ. ದಾರಿಯಲ್ಲಿ ಬೆಟ್ಟದ ಮೈಮೇಲೆ 1908ರಲ್ಲಿ ವಿದ್ಯಾರ್ಥಿಗಳು ಕಲ್ಲು ಜೋಡಿಸಿ ಮಾಡಿದ ಬೃಹತ್ 'ಎಂ' ಅಕ್ಷರ ಕಾಣುತ್ತದೆ. ಮೈನ್ಸ್ ಸೇರುವ ಹೊಸಬರು ಸುಮಾರು ನಾಲ್ಕೂವರೆ ಕಿಲೋ ತೂಕದ ಕಲ್ಲು ಹೊತ್ತು ಅಲ್ಲಿಗೆ ಹತ್ತುವುದು ಸಂಪ್ರದಾಯ. ರ‍್ಯಾಗಿಂಗ್‌ಗಿಂತ ಇದು ಎಷ್ಟೋ ಮೇಲು. ಬೆಟ್ಟದ ಎತ್ತರ 7,377 ಅಡಿ, ಮುಳ್ಳಯ್ಯನಗಿರಿಗಿಂತ ಸಾವಿರ ಅಡಿ ಹೆಚ್ಚು. ಇಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ.

ಶಿಖರದಲ್ಲಿ ಬಫಲೊ ಬಿಲ್ ಎಂದೇ ಖ್ಯಾತನಾದ ವಿಲಿಯಂ ಕೋಡಿಯ ಸಮಾಧಿಯಿದೆ. ರೈಲು ದಾರಿ ಹಾಕುವ ಕೂಲಿಗಳ ಊಟಕ್ಕಾಗಿ ಒಂದೂವರೆ ವರ್ಷದಲ್ಲಿ 4,280 ಬೈಸನ್‌ಗಳನ್ನು ಕೊಂದೆನೆಂದು ಹೇಳಿಕೊಂಡವನು ಅವನು, 1917ರಲ್ಲಿ ತೀರಿಕೊಂಡ. ಮಲೆನಾಡಿನ ಕಾಟಿಯ ದೂರದ ನೆಂಟನಾದ ಈ ಪ್ರಾಣಿ ಒಂದು ಕಾಲಕ್ಕೆ ಕೋಟಿಗಟ್ಟಲೆ ಇತ್ತು. 19ನೇ ಶತಮಾನದ ಕೊನೆಗೆ ಕೆಲವು ನೂರಕ್ಕೆ ಇಳಿಯಿತು. ಆ ಸಮಾಧಿಯಿಂದ ಕೆಲವೇ ಮೈಲಿ ಆಚೆ ಜೆನಸಿ ಪಾರ್ಕಿನಲ್ಲಿ ಡೆನ್ವರ್ ನಗರಸಭೆ 1914ರಿಂದ ಬೈಸನ್ ಹಿಂಡೊಂದನ್ನು ಸಾಕುತ್ತ ಬಂದಿದೆ. ತನ್ನ ಗಡಿಯ ಹೊರಗಿನ ಬೆಟ್ಟಗಳನ್ನು ನಾಗರಿಕರ ತೆರಿಗೆಯಿಂದ ಕೊಂಡು ಉದ್ಯಾನ ಮಾಡಲು ಆ ನಗರ 1912ರಲ್ಲಿ ಮತದಾನದ ಮೂಲಕ ತೀರ್ಮಾನಿಸಿತ್ತು. ಹೆಚ್ಚುವರಿ ಬೈಸನ್‌ಗಳನ್ನು ಮೊದಲು ಹರಾಜು ಹಾಕುತ್ತಿದ್ದರು. 2021ರಿಂದ ಮೂಲನಿವಾಸಿ ಬುಡಕಟ್ಟುಗಳಿಗೆ ಉಚಿತವಾಗಿ ಕೊಡಲಾರಂಭಿಸಿದ್ದಾರೆ.

ಹೆದ್ದಾರಿಯ ಅಡಿಯಲ್ಲಿ ಹಿಂಡಿಗೆಂದೇ ಸುರಂಗವಿದೆ. ಮೇಲೆ ಲಾರಿಗಳು ಓಡುತ್ತಿರುವಾಗ ಕೆಳಗೆ ಅವು ಸಾವಕಾಶವಾಗಿ ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ದಾಟುತ್ತವೆ. ಬೇಲಿಯಿಂದ ದೂರ ನಿಂತು ನೋಡಬೇಕು. ಬೇಸಿಗೆಯಲ್ಲೂ ಒಂದು ಸ್ವೆಟರ್, ಸಾಕಷ್ಟು ಕುಡಿಯುವ ನೀರು ಜತೆಗಿರಲಿ. ಕಾರ್ಖಾನೆಯ ವೇಳೆಯನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.