ಪೆಡಲ್‌ನಿಂದ ಕಾಲು ಎತ್ತೋದು ಯಾವಾಗ?

"ಅಪ್ಪಾ, ನಾನು ಮುಂದಿನ ಸಾಲಿಗೆ ಹೋಗಿರ್ತೀನಿ. ನಿನ್ನ ಹಳೇ ಕಾರ್ಡ್ ಇನ್ನೂ ಅಲ್ಲೇ ಇರತ್ತೆ."

ಮಗಳು ಇದನ್ನ ಹೇಳಿದ್ದು ಅಕ್ಟೋಬರ್‌ನ ಒಂದು ಭಾನುವಾರ, ಮಿಸಿಸಾಗದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ. ನವೆಂಬರ್‌ನ ರಾಜ್ಯೋತ್ಸವಕ್ಕೆ ಅವಳು ಒಂದು ಭಾವಗೀತೆ ಹಾಡೋದು, ನಾನು ಜೊತೆಗೆ ಗಿಟಾರ್ ನುಡಿಸೋದು ಅಂತ ಮಾತಾಗಿತ್ತು. ಮುಂದಿನ ಸೆಪ್ಟೆಂಬರ್‌ಗೆ ಅವಳು ಓದೋಕೆ ಬೇರೆ ಊರಿಗೆ ಹೋಗ್ತಾಳೆ. ಅಪ್ಪ-ಮಗಳು ಒಟ್ಟಿಗೆ ವೇದಿಕೆ ಹತ್ತೋದು ಇದೇ ಕೊನೆ ಸಲ ಇರಬಹುದು ಅಂತ ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಅವಳು ಮಾತ್ರ, "ಕಷ್ಟ ಆದ್ರೆ ಬಿಡು, ಕರೋಕೆ ಟ್ರ್ಯಾಕ್ ಇಟ್ಕೊಂಡು ಹಾಡ್ತೀನಿ" ಅಂದಳು. ಸಿಟ್ಟಿಂದ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಅದಕ್ಕೇ ಜಾಸ್ತಿ ಚುಚ್ಚಿತು.

ತಪ್ಪು ನನ್ನದೇ. ಸರಿಯಾಗಿ ಹೇಳಬೇಕು ಅಂದರೆ, ನನ್ನ ಬಲಗಾಲಿನದ್ದು.

ನಾನು ನುಡಿಸೋದು ಗಿಟಾರ್ ಸಿಂಥಸೈಜರ್. ನೋಡೋಕೆ ಮಾಮೂಲಿ ಗಿಟಾರೇ. ಆದರೆ ತಂತಿಗಳ ಕೆಳಗೆ ಒಂದು ವಿಶೇಷ ಪಿಕಪ್ ಇರುತ್ತದೆ. ಅದು ಆರೂ ತಂತಿಗಳನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳುತ್ತದೆ. ಯಾವ ತಂತಿಯಲ್ಲಿ ಯಾವ ಸ್ವರ ಬಂತು ಅಂತ ಯಂತ್ರ ಗುರುತಿಸಿ, ಅದೇ ಸ್ವರವನ್ನು ಪಿಟೀಲಿನ ದನಿಯಲ್ಲೋ ಕೊಳಲಿನ ದನಿಯಲ್ಲೋ ಹೊರಡಿಸುತ್ತದೆ. ರೋಲ್ಯಾಂಡ್ ಕಂಪನಿ ಇಂಥ ತನ್ನ ಮೊದಲ ವಾದ್ಯವನ್ನು 1977ರಲ್ಲೇ ಮಾರುಕಟ್ಟೆಗೆ ತಂದಿತ್ತು. ಪ್ಯಾಟ್ ಮೆಥೀನಿಯವರ 1982ರ 'ಆಫ್‌ರಾಂಪ್' ಆಲ್ಬಂನಲ್ಲಿ ಕಹಳೆಯ ಹಾಗೆ ಕೂಗುವ ಗಿಟಾರ್ ಕೇಳಿದ್ದರೆ, ಅದು ಇದೇ ಜಾತಿಯದ್ದು.

ಇದಕ್ಕೆ ಹೋಲ್ಡ್ ಪೆಡಲ್ ಅಂತ ಒಂದಿದೆ. ತುಳಿದರೆ, ತಂತಿ ಸುಮ್ಮನಾದ ಮೇಲೂ ಸಿಂಥ್ ದನಿ ನಿಂತೇ ಇರುತ್ತದೆ. ಆರ್ಪೆಜಿಯೋ ನುಡಿಸುವವರಿಗೆ ಇದು ವರ. ಆರ್ಪೆಜಿಯೋ ಅಂದರೆ ಒಂದು ಕಾರ್ಡ್‌ನ ಸ್ವರಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಬಿಡಿಸಿ ಮೀಟುವುದು. ಪೆಡಲ್ ತುಳಿದು ಮೀಟಿದರೆ ಸ್ವರಗಳು ಒಂದರ ಮೇಲೊಂದು ಸೇರಿ ಇಡೀ ಕಾರ್ಡ್ ಆಗಿ ನಿಲ್ಲುತ್ತವೆ. ಅಷ್ಟರಲ್ಲಿ ಎಡಗೈ ಆರಾಮಾಗಿ ಮುಂದಿನ ಕಾರ್ಡ್ ಕಡೆ ಹೊರಡಬಹುದು.

ತೊಂದರೆ ಶುರುವಾಗೋದೂ ಅಲ್ಲೇ. ನಮ್ಮ ಹಾಡು ಜಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುತ್ತದೆ. ಜಿ ಅನ್ನು ಷಡ್ಜ ಅಂತ ಹಿಡಿದರೆ ಮೊದಲನೆಯದು ಸ-ಗ-ಪ, ಎರಡನೆಯದು ರಿ-ಮ-ಧ. ಕಾಲು ಎತ್ತದೆ ಹೋದರೆ ಏಳರಲ್ಲಿ ಆರು ಸ್ವರ ಒಟ್ಟಿಗೇ ಕೂಗುತ್ತವೆ. ಸ ಪಕ್ಕದಲ್ಲೇ ರಿ, ಗ ಪಕ್ಕದಲ್ಲೇ ಮ, ಪ ಪಕ್ಕದಲ್ಲೇ ಧ. ಅದರ ನಡುವೆ ಪಾಪ ಆ ಹುಡುಗಿ ತನ್ನ ಸ್ವರ ಹುಡುಕಬೇಕು!

ಸರಿ, ಕಾರ್ಡ್ ಬದಲಾಗುವ ಮೊದಲೇ ಕಾಲು ಎತ್ತಿದೆ. ಈಗ ಎರಡು ಕಾರ್ಡ್‌ಗಳ ನಡುವೆ ಗುಂಡಿ ಬಿದ್ದ ಹಾಗೆ ಖಾಲಿ. "ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗಿದೆ" ಅಂದಳು. ಹೊಸ ತಂತಿ ಮೀಟಿದ ಕ್ಷಣಕ್ಕೇ ಎತ್ತಿ ಮತ್ತೆ ತುಳಿದೆ. ಆಗ ಮಂದ್ರದ ಸ್ವರ ಕೆಲವೊಮ್ಮೆ ಸಿಗುತ್ತಲೇ ಇರಲಿಲ್ಲ. ಕಾರಣ ಭೌತಶಾಸ್ತ್ರದಲ್ಲಿದೆ. ಸ್ವರ ಯಾವುದು ಅಂತ ಗುರುತಿಸೋಕೆ ಯಂತ್ರಕ್ಕೆ ತಂತಿಯ ಒಂದೆರಡು ಕಂಪನವಾದರೂ ಬೇಕು. ಅತಿ ತೆಳು ತಂತಿ ಸೆಕೆಂಡಿಗೆ ಸುಮಾರು 330 ಸಲ ಕಂಪಿಸುತ್ತದೆ, ಒಂದು ಕಂಪನಕ್ಕೆ 3 ಮಿಲಿಸೆಕೆಂಡ್. ಅತಿ ದಪ್ಪ ತಂತಿ ಸುಮಾರು 82 ಸಲ, ಅಂದರೆ ಒಂದೊಂದಕ್ಕೆ 12 ಮಿಲಿಸೆಕೆಂಡ್. ದಪ್ಪ ತಂತಿ ನಿಧಾನವಾಗಿ ಬಾಯಿ ಬಿಡುತ್ತದೆ. ನನ್ನ ಕಾಲಿಗೆ ಆ ತಾಳ್ಮೆ ಇರಲಿಲ್ಲ.

ಇನ್ನೊಂದು ಸಂಗತಿ. ಪೆಡಲ್‌ಗೆ ಒಳ್ಳೇ ಸ್ವರ, ಕೆಟ್ಟ ಸ್ವರ ಅಂತ ಭೇದ ಇಲ್ಲ. ಬೆರಳು ಎತ್ತುವಾಗ ಪಕ್ಕದ ತಂತಿ ಸ್ವಲ್ಪ ತಗುಲಿದರೂ ಸಾಕು, ಅದನ್ನೂ ಸ್ವರ ಅಂತ ಹಿಡಿದುಕೊಂಡು ನಿಂತುಬಿಡುತ್ತದೆ. ಮಾಮೂಲಿ ಗಿಟಾರ್‌ನಲ್ಲಿ ಅಂಥ ತಪ್ಪು ಅರೆಕ್ಷಣದಲ್ಲಿ ಸತ್ತುಹೋಗುತ್ತದೆ. ಇಲ್ಲಿ ಕಾಲು ಎತ್ತುವವರೆಗೂ ಅದು ಸಾಯೋದಿಲ್ಲ.

ಒಂದು ವಾರ ಹಾಡನ್ನೇ ಬಿಟ್ಟು ಎರಡೇ ಕಾರ್ಡ್ ಅಭ್ಯಾಸ ಮಾಡಿದೆ. ಪಿಯಾನೊದವರು ಮಾಡುವ ಹಾಗೆ: ಹೊಸ ಕಾರ್ಡ್‌ನ ಮೊದಲ ಸ್ವರ ಮೀಟುವಾಗ ಕಾಲು ಮೇಲೆ, ಆ ಸ್ವರ ಕಿವಿಗೆ ಬಿದ್ದ ಮೇಲೆ ಕಾಲು ಕೆಳಗೆ, ಉಳಿದ ಸ್ವರಗಳು ಅದರ ಮೇಲೆ. ಕೈ ಮೀಟಿದ್ದನ್ನು ನೋಡಿ ತುಳಿಯಬಾರದು, ದನಿ ಕೇಳಿ ತುಳಿಯಬೇಕು. ನೀವು ಪ್ರಯತ್ನ ಮಾಡೋದಾದರೆ ತೀರಾ ನಿಧಾನ ಲಯದಲ್ಲಿ ಶುರು ಮಾಡಿ, ಕಾಲಿಗೆ ಇದು ಹೊಸ ಭಾಷೆ.

ಎರಡನೇ ಭಾನುವಾರ ಮಗಳು ಪೂರ್ತಿ ಕೇಳಿದಳು. "ಈಗ ಪರವಾಗಿಲ್ಲ. ಆದ್ರೆ ಮೊದಲನೇ ಚರಣಕ್ಕೆ ಇಷ್ಟೆಲ್ಲಾ ಬೇಕಾ? ಅಜ್ಜಿ ಮನೇಲಿ ತಂಬೂರಿ ಇರ್ತಿತ್ತಲ್ಲ, ಹಾಗೆ ಮಾಡೋಕಾಗತ್ತಾ?" ಅಂದಳು.

ನನಗೆ ಹೊಳೆದೇ ಇರಲಿಲ್ಲ. ಹೋಲ್ಡ್‌ನಲ್ಲಿ ಇನ್ನೊಂದು ಬಗೆ ಇದೆ: ತುಳಿದಾಗ ಇದ್ದ ಸ್ವರಗಳಷ್ಟೇ ನಿಲ್ಲುತ್ತವೆ, ಆಮೇಲೆ ಮೀಟಿದ್ದು ಬರೀ ಗಿಟಾರ್ ಆಗಿಯೇ ಕೇಳುತ್ತದೆ. ಅದಕ್ಕೆ ಬದಲಾಯಿಸಿ, ಪ ಮತ್ತು ಸ ಎರಡನ್ನೇ ಹಿಡಿದು ನಿಲ್ಲಿಸಿದೆ. ಅದರ ಮೇಲೆ ಮಾಮೂಲಿ ಗಿಟಾರ್ ದನಿಯಲ್ಲಿ ಆರ್ಪೆಜಿಯೋ. ಅವಳು ಎಷ್ಟು ಹೊತ್ತು ಬೇಕಾದರೂ ಸ್ವರ ಎಳೆಯಬಹುದು, ಶ್ರುತಿ ಕಾಯುತ್ತಿರುತ್ತದೆ. ಅಜ್ಜಿ ಮನೆಗೆ ಅವಳು ಹೋಗಿದ್ದು ಮೂರೇ ಬೇಸಿಗೆ ರಜೆ. ಆ ತಂಬೂರಿ ಅವಳ ಕಿವಿಯಲ್ಲಿ ಉಳಿದಿದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಕರೋಕೆ ಮಾತು ಮತ್ತೆ ಬರಲಿಲ್ಲ. ಕಾರ್ಯಕ್ರಮದ ದಿನ ಎರಡನೇ ಚರಣದಲ್ಲಿ ಅವಳು ಒಂದು ಪದದ ಮೇಲೆ ಜಾಸ್ತಿ ಹೊತ್ತು ನಿಂತಳು, ಅಭ್ಯಾಸದಲ್ಲಿ ಹಾಗೆ ಮಾಡಿರಲಿಲ್ಲ. ಹಿಂದಿನ ನಾನಾಗಿದ್ದರೆ ಲೆಕ್ಕಕ್ಕೆ ಸರಿಯಾಗಿ ಮುಂದಿನ ಕಾರ್ಡ್‌ಗೆ ಹೋಗಿಬಿಡ್ತಿದ್ದೆ. ಕಾಲು ಒತ್ತಿಹಿಡಿದು ಕಾದೆ. ಅವಳು ಉಸಿರು ತಗೊಂಡ ಮೇಲೆ ಎತ್ತಿದೆ.

ಹಾಡು ಮುಗಿಯಿತು, ಚಪ್ಪಾಳೆ ಶುರುವಾಯಿತು, ಶ್ರುತಿ ಮಾತ್ರ ನಿಲ್ಲಲೇ ಇಲ್ಲ. ಮಗಳು ನನ್ನ ಕಡೆ ತಿರುಗಿ, ನಗು ತಡೆದುಕೊಂಡು, ಕಣ್ಣಲ್ಲೇ ನನ್ನ ಬೂಟು ತೋರಿಸಿದಳು.